ಯಲ್ಲಮ್ಮನ ಗುಡ್ಡದಿಂದ ಬಂದ ಮೇಲೆ ಮೈ-ಮನ ಭಾರವೇಕೆ? ಹಾಡು ಕೇಳಿದರೆ ಹಗುರಾಗುವುದು ನಿಜವೇ?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರದಿಂದ ಲಕ್ಷಾಂತರ ಭಕ್ತರು ಬರುತ್ತಾರೆ. ಕೆಲವರು ಬಸ್ಸಿನಲ್ಲಿ, ಕೆಲವರು ಚಕ್ಕಡಿಯಲ್ಲಿ, ಇನ್ನು ಕೆಲವರು ನಡೆದುಕೊಂಡೇ. ಗುಡ್ಡದಲ್ಲಿ ಇರುವಷ್ಟು ದಿನ ಭಂಡಾರ, ಚೌಡಿಕೆ, ‘ಉಧೋ ಉಧೋ’ ಎಂಬ ಕೂಗು. ಮನೆಗೆ ಬಂದ ಮೇಲೆ ಹಲವರಿಗೆ ಮೈಕೈ ನೋವು, ಕೆಲಸದಲ್ಲಿ ಬೇಸರ, ಏನೋ ಕಳೆದುಕೊಂಡ ಹಾಗೆ. ಆಗ ಕೇಳಿಬರುವ ಮೂರು ಮಾತುಗಳನ್ನು ನಾವು ಪರಿಶೀಲಿಸಿದ್ದೇವೆ.

ಮಾತು 1: “ಇದು ದೃಷ್ಟಿ, ಇಲ್ಲವೇ ದೇವಿಯ ಕಾಟ”

ಇದು ತಪ್ಪು. ಕಾರಣ ದೇಹದಲ್ಲೇ ಇದೆ. ಎರಡು-ಮೂರು ರಾತ್ರಿ ಸರಿಯಾದ ನಿದ್ದೆ ಇರುವುದಿಲ್ಲ. ಬಿಸಿಲಿನಲ್ಲಿ ನಡೆದು ಬೆವರು ಹರಿದಿರುತ್ತದೆ, ನೀರು ಕುಡಿದದ್ದು ಕಡಿಮೆ. ರೂಢಿ ಇಲ್ಲದ ನಡಿಗೆಯಿಂದ ಸ್ನಾಯುಗಳಲ್ಲಿ ಸಣ್ಣ ಸಣ್ಣ ಗಾಯಗಳಾಗಿ, 24ರಿಂದ 72 ಗಂಟೆಯೊಳಗೆ ನೋವು ಹೆಚ್ಚುತ್ತದೆ. ಗುಡ್ಡದಲ್ಲಿ ಇಲ್ಲದ ನೋವು ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳುವುದು ಇದಕ್ಕೇ.

ಮನಸ್ಸಿನ ಭಾರಕ್ಕೂ ಕಾರಣವಿದೆ. ಜಾತ್ರೆಯಲ್ಲಿ ಹತ್ತಾರು ಜನರ ಜೊತೆ ಉಂಡು, ಹಾಡಿ, ನಕ್ಕು ಇದ್ದವರು ಮರುದಿನವೇ ಹೊಲ, ಅಂಗಡಿ, ಒಲೆಯ ಮುಂದೆ ಒಬ್ಬರೇ ಇರುತ್ತಾರೆ. ಈ ಅಂತರವೇ ಬೇಸರ ತರುತ್ತದೆ. ತಿರುಗಾಟ ಮುಗಿಸಿ ಬಂದ ಯಾರಿಗೇ ಆದರೂ ಇದು ಸಹಜ, ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ.

ಕಾಯಿಲೆಯನ್ನಾಗಲಿ, ತಲೆಗೂದಲು ಜಡೆಗಟ್ಟುವುದನ್ನಾಗಲಿ ‘ದೇವಿ ಕರೆದಳು’ ಎಂದು ನಂಬಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಇತಿಹಾಸ ಈ ಭಾಗದಲ್ಲಿದೆ. 1982ರ ಕರ್ನಾಟಕದ ಕಾನೂನು ಅದನ್ನು ಅಪರಾಧವೆಂದು ಸಾರಿತು. ಬಾಚದೆ, ತೊಳೆಯದೆ ಬಿಟ್ಟ ಕೂದಲು ಗಂಟಾಗುತ್ತದೆ, ಅಷ್ಟೇ.

ಮಾತು 2: “ಎದುರಿಗೆ ಕುಳಿತು ಹಾಡು ಕೇಳಿದರೆ ಮನಸ್ಸು ಹಗುರಾಗುತ್ತದೆ”

ಇದರಲ್ಲಿ ಸತ್ಯವಿದೆ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಸಂಗೀತ ಕಛೇರಿಗೆ ಬಂದ 117 ಮಂದಿಯ ಜೊಲ್ಲನ್ನು ಪರೀಕ್ಷಿಸಿದಾಗ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕಛೇರಿಯ ನಂತರ ಕಡಿಮೆಯಾಗಿತ್ತು. 2024ರಲ್ಲಿ ಜ್ಯೂರಿಕ್ ವಿಜ್ಞಾನಿಗಳು, ರೆಕಾರ್ಡ್ ಮಾಡಿದ ಸಂಗೀತಕ್ಕಿಂತ ಆಗಲೇ ನುಡಿಸುವ ಸಂಗೀತ ಮಿದುಳಿನ ಭಾವನೆಯ ಭಾಗವಾದ ಅಮಿಗ್ಡಾಲಾವನ್ನು ಹೆಚ್ಚು ಚುರುಕುಗೊಳಿಸುತ್ತದೆ ಎಂದು ಕಂಡುಕೊಂಡರು. ಒಟ್ಟಿಗೆ ಹಾಡುವ ಅಪರಿಚಿತರು ಬೇಗ ಹತ್ತಿರವಾಗುತ್ತಾರೆ ಎಂದು ಆಕ್ಸ್‌ಫರ್ಡ್ ಸಂಶೋಧಕರು 2015ರಲ್ಲಿ ತೋರಿಸಿದ್ದರು.

ಇವು ಸಣ್ಣ ಅಧ್ಯಯನಗಳು. ಸಂಗೀತದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಇವು ಹೇಳುವುದಿಲ್ಲ. ಆದರೆ ಊರಿನ ಗುಡಿಯ ಭಜನೆಗೆ ಹೋಗಿ ತಾಳ ಹಾಕಿದರೆ ಜಾತ್ರೆಯಲ್ಲಿದ್ದ ಒಡನಾಟ ಸ್ವಲ್ಪ ಮರಳಿ ಸಿಗುತ್ತದೆ. ಖರ್ಚಿಲ್ಲ, ಅಡ್ಡ ಪರಿಣಾಮವೂ ಇಲ್ಲ. ದೊಡ್ಡ ಸ್ಪೀಕರ್‌ನಿಂದ ಮಾತ್ರ ದೂರ ಕುಳಿತುಕೊಳ್ಳಿ.

ಮಾತು 3: “432 ಹರ್ಟ್ಸ್ ಸಂಗೀತ ಎಲ್ಲ ನೋವನ್ನೂ ಕಳೆಯುತ್ತದೆ”

ಇದಕ್ಕೆ ಗಟ್ಟಿ ಪುರಾವೆ ಇಲ್ಲ. 440 ಹರ್ಟ್ಸ್ ಎಂಬುದು ಪಾಶ್ಚಾತ್ಯ ವಾದ್ಯಗಳ ಶ್ರುತಿಗೆ ಒಪ್ಪಿಕೊಂಡ ಅಳತೆ; ಅದನ್ನು 432 ಮಾಡಿದರೆ ಸ್ವರ ಸ್ವಲ್ಪ ಇಳಿಯುತ್ತದೆ, ಅಷ್ಟೇ. ನಮ್ಮ ಹಾಡುಗಾರಿಕೆಯಲ್ಲಿ ಷಡ್ಜಕ್ಕೆ ಇಷ್ಟೇ ಹರ್ಟ್ಸ್ ಎಂಬ ನಿಯಮವೇ ಇಲ್ಲ. ಜೋಗತಿಯರು ತಮ್ಮ ಕಂಠಕ್ಕೆ ಹೊಂದುವಂತೆ ಚೌಡಿಕೆಯ ತಂತಿಯನ್ನು ಬಿಗಿ ಮಾಡುತ್ತಾರೆ, ಸಡಿಲಿಸುತ್ತಾರೆ. ಕೇಳುವವರ ಕಣ್ಣು ಆಗಲೂ ತೇವವಾಗುತ್ತದೆ. ಆ ಜೋಗತಿ ಕಲೆಗೇ ಮಂಜಮ್ಮ ಜೋಗತಿಯವರಿಗೆ 2021ರ ಪದ್ಮಶ್ರೀ ಸಂದಿದೆ.

ಹಾಗಾದರೆ ಏನು ಮಾಡಬೇಕು?

• ಬಂದ ಮೊದಲ ಎರಡು ದಿನ ಕನಿಷ್ಠ 7 ಗಂಟೆ ನಿದ್ದೆ ಮಾಡಿ. ನೀರು, ಮಜ್ಜಿಗೆ ಧಾರಾಳವಾಗಿ ಕುಡಿಯಿರಿ.
• ಪೂರ್ತಿ ಮಲಗಿರಬೇಡಿ. ನಿಧಾನವಾಗಿ ನಡೆದಾಡಿದರೆ ಸ್ನಾಯು ನೋವು ಸಹಿಸಲು ಸುಲಭ.
• ಭೇದಿಯಾದರೆ ಓಆರ್‌ಎಸ್ ಕುಡಿಯಿರಿ. ಜ್ವರ ಬಂದರೆ, ಇಲ್ಲವೇ ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಿ.
• ಬಹಳ ಹೊತ್ತು ಕುಳಿತು ಪ್ರಯಾಣ ಮಾಡಿದ ಮೇಲೆ ಒಂದೇ ಕಾಲು ಬಾತು ನೋಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು.
• ಬೇಸರ ಎರಡು ವಾರ ದಾಟಿದರೆ, ಬದುಕು ಬೇಡ ಎನಿಸಿದರೆ ಒಂದು ದಿನವೂ ಕಾಯದೆ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಇದು ಉಚಿತ, ಹಗಲು-ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ತೀರ್ಮಾನ: ಜಾತ್ರೆಯ ನಂತರದ ದಣಿವು ಕಾಟವಲ್ಲ, ಹಾಡು ಔಷಧಿಯಲ್ಲ. ಆದರೆ ದಣಿದ ಮನಸ್ಸಿಗೆ ಹಾಡು ಒಳ್ಳೆಯ ಜೊತೆ. ‘ದೇವಿ ಕಾಟ’ದ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಬದಲಿಗೆ 14416 ಸಂಖ್ಯೆಯನ್ನು ಕಳಿಸಿ.