ನೆಲದಡಿಯ ನೀರು, ನಿತ್ಯದ ವರಪ್ರಸಾದ
(ಪವಿತ್ರಾತ್ಮರ ಆಗಮನದ ಹಬ್ಬದ ಚಿಂತನೆ)



ಪಾಸ್ಖ ಹಬ್ಬದ ಐವತ್ತನೆಯ ದಿನ ನಾವು ಪವಿತ್ರಾತ್ಮರ ಆಗಮನದ ಹಬ್ಬವನ್ನು ಆಚರಿಸುತ್ತೇವೆ. ನಮ್ಮ ಬೀದರ ಸೀಮೆಯಲ್ಲಿ ಈ ಹಬ್ಬ ಬರುವುದು ಮಿರುಗದ ಮಳೆಗೆ ಕಾಯುವ ದಿನಗಳಲ್ಲಿ. ಹೊಲ ಹರಗಿ ಆಗಿರುತ್ತದೆ. ಹೆಸರು, ಉದ್ದು, ತೊಗರಿ, ಸೋಯಾ ಬೀಜಕ್ಕೂ ಗೊಬ್ಬರಕ್ಕೂ ಸಾಲ ತಂದಾಗಿರುತ್ತದೆ. ಮೋಡ ಬರುತ್ತದೆ, ಹೋಗುತ್ತದೆ. ಭಾಲ್ಕಿ, ಔರಾದ ಕಡೆಯ ಮನೆಗಳಿಗೆ ಪ್ರಾರ್ಥನೆಗೆಂದು ಹೋದರೆ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಫಾದರ್, ಈ ಸಲ ಮಳಿ ಆಗ್ತದೇನ್ರಿ?" ಅದರ ಹಿಂದೆ ಬಾಯಿ ಬಿಟ್ಟು ಕೇಳದ ಇನ್ನೊಂದು ಪ್ರಶ್ನೆಯೂ ಇರುತ್ತದೆ: "ದೇವರು ನಮ್ಮ ಕೂಡ ಅದಾನೇನ್ರಿ?"

ಮೊದಲನೆಯ ಪ್ರಶ್ನೆಗೆ ಯಾವ ಗುರುವಿನ ಬಳಿಯೂ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರ ಪವಿತ್ರ ಗ್ರಂಥದಲ್ಲಿದೆ. ಅದನ್ನು ತಿಳಿಯಲು ನೆರವಾಗುವ ಒಂದು ಪಾಠ ಬೀದರ ನಗರದ ನೆಲದಡಿಯಲ್ಲೇ ಇದೆ.

ಗುಡ್ಡದ ಮೇಲಿನ ಊರಿಗೆ ನೀರು

15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಕೋಟೆ, ಅರಮನೆ, ಪೇಟೆ ಎದ್ದವು. 1472ರಲ್ಲಿ ಮಂತ್ರಿ ಮಹಮೂದ್ ಗವಾನನ ಮದರಸಾ ನಿಂತಿತು. ಆದರೆ ಊರು ಇರುವುದು ಎತ್ತರದ ಕೆಂಪು ಕಲ್ಲಿನ ಬಯಲಿನ ಮೇಲೆ. ಮಾಂಜ್ರಾ ನದಿ ದೂರದಲ್ಲಿ, ಕೆಳಗೆ ಹರಿಯುತ್ತದೆ. ಅಷ್ಟು ಜನರಿಗೆ, ದನಕರುಗಳಿಗೆ, ತೋಟಗಳಿಗೆ ನೀರು ಎಲ್ಲಿಂದ?

ಉತ್ತರ ನೆಲದೊಳಗಿತ್ತು. ಇಲ್ಲಿಯ ಕೆಂಪು ಕಲ್ಲು ತೂತು ತೂತಾದ ಕಲ್ಲು. ಬಿದ್ದ ಮಳೆನೀರು ಅದರೊಳಗೆ ಇಳಿಯುತ್ತದೆ. ಕೆಳಗಿರುವ ಗಟ್ಟಿ ಕರಿಕಲ್ಲಿನ ಪದರು ಅದನ್ನು ತಡೆದು ನಿಲ್ಲಿಸುತ್ತದೆ. ನರಸಿಂಹ ಝರಾ, ನಾನಕ ಝೀರಾ, ಪಾಪನಾಶದಂಥ ಒರತೆಗಳು ಇರುವುದೂ ಇದೇ ಕಾರಣಕ್ಕೆ. ಈ ನೀರನ್ನು ಊರಿಗೆ ತರಲು ಪರ್ಷಿಯಾ ದೇಶದ ವಿದ್ಯೆಯನ್ನು ಬಳಸಿ ನೆಲದಡಿಯಲ್ಲಿ ಸುರಂಗ ತೋಡಿದರು. ಅದರ ಹೆಸರು ಕರೇಜ್. ನಮ್ಮ ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನೌಬಾದದ ಕರೇಜ್ 2 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಅದರ ದಾರಿಯುದ್ದಕ್ಕೂ ಇಪ್ಪತ್ತಕ್ಕಿಂತ ಹೆಚ್ಚು ಬಾವಿಗಳನ್ನು ತೋಡಿದ್ದಾರೆ. ತೋಡಿದ ಮಣ್ಣನ್ನು ಮೇಲೆತ್ತಲು, ಒಳಗೆ ಗಾಳಿ ಬೆಳಕು ಬಿಡಲು, ನೀರು ಸೇದಲು ಮತ್ತು ಮುಂದೆ ಹೂಳು ತೆಗೆಯಲು ಈ ಬಾವಿಗಳೇ ಬಾಗಿಲು. ಸುರಂಗಕ್ಕೆ ತುಸುವೇ ಇಳಿಜಾರು ಕೊಟ್ಟಿರುವುದರಿಂದ ನೀರು ತಾನಾಗಿ ಹರಿಯುತ್ತದೆ. ಮೇಲಿನ ಬಿಸಿಲು ಅದನ್ನು ಹೀರಲಾರದು.

ಕಾಲ ಕಳೆದಂತೆ ಕೊಳವೆಬಾವಿ ಬಂತು, ನಲ್ಲಿ ಬಂತು, ಜನ ಸುರಂಗವನ್ನು ಮರೆತರು. ಬಾವಿಗಳ ಬಾಯಿಗೆ ಕಸ ಬಿತ್ತು. ಕೆಲವನ್ನು ಮುಚ್ಚಿ ಮನೆ ಕಟ್ಟಿದರು. ಒಳಗೆ ಹೂಳು ತುಂಬಿತು. ಮಳೆ ನೆಲಕ್ಕೆ ಇಳಿಯುತ್ತಲೇ ಇತ್ತು, ಆದರೆ ದಾರಿ ಕಟ್ಟಿಹೋದದ್ದರಿಂದ ಅದು ಊರಿಗೆ ಮುಟ್ಟಲಿಲ್ಲ.

2015-16ರ ಬರ ನಮಗೆಲ್ಲ ನೆನಪಿದೆ. ಕಾರಂಜಾ ಜಲಾಶಯದಲ್ಲಿ ನೀರು ತಳಮುಟ್ಟಿತ್ತು. ನೆರೆಯ ಲಾತೂರಿಗೆ 2016ರ ಏಪ್ರಿಲಿನಲ್ಲಿ ಮಿರಜದಿಂದ ರೈಲಿನಲ್ಲಿ ನೀರು ತಂದರು. ಅದೇ ಹೊತ್ತಿನಲ್ಲಿ ಬೀದರದಲ್ಲಿ ಹಳೆಯ ಬಾವಿ, ಕೆರೆ, ಕರೇಜುಗಳ ಹೂಳೆತ್ತುವ ಕೆಲಸ ನಡೆಯಿತು. ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿಯವರನ್ನು ಜನ ಇಂದಿಗೂ ಅದಕ್ಕಾಗಿ ನೆನೆಯುತ್ತಾರೆ. ಹೂಳು ತೆಗೆದ ಸುರಂಗದಲ್ಲಿ ಮತ್ತೆ ನೀರು ಕಂಡಿತು. ಅದು ಹೊಸದಾಗಿ ಬಂದ ನೀರಲ್ಲ, ನಮ್ಮ ಕಾಲ ಕೆಳಗೇ ಇದ್ದ ನೀರು.

ಜೆರುಸಲೇಮಿನ ಸುರಂಗ

ಪ್ರಿಯರೇ, ಪವಿತ್ರ ಗ್ರಂಥದಲ್ಲಿಯೂ ಇಂಥದೇ ಒಂದು ಸುರಂಗವಿದೆ. ಕ್ರಿಸ್ತಪೂರ್ವ 8ನೆಯ ಶತಮಾನದ ಕೊನೆಗೆ ಅಸ್ಸೀರಿಯದ ಸೈನ್ಯ ಜೆರುಸಲೇಮಿನ ಮೇಲೆ ಬರುವ ಭಯವಿದ್ದಾಗ, ಅರಸ ಹಿಜ್ಕೀಯನು ಗೀಹೋನ್ ಬುಗ್ಗೆಯ ನೀರನ್ನು ನೆಲದಡಿಯಿಂದ ಊರೊಳಗೆ ತಂದನೆಂದು ಅರಸುಗಳ ಗ್ರಂಥವೂ ಪೂರ್ವಕಾಲ ವೃತ್ತಾಂತವೂ ಹೇಳುತ್ತವೆ. ಆ ಸುರಂಗ ಇಂದಿಗೂ ಇದೆ. ಉದ್ದ ಸುಮಾರು 533 ಮೀಟರ್. 1880ರಲ್ಲಿ ಅದರ ಗೋಡೆಯ ಮೇಲೆ ಒಂದು ಶಾಸನ ಸಿಕ್ಕಿತು. ಅದರಲ್ಲಿ ಅರಸನ ಹೊಗಳಿಕೆ ಇಲ್ಲ. ಎರಡು ಕಡೆಯಿಂದ ಕಲ್ಲು ಕಡಿಯುತ್ತ ಬಂದ ಕೂಲಿಯವರು ಕತ್ತಲಲ್ಲಿ ಒಬ್ಬರ ದನಿ ಒಬ್ಬರು ಕೇಳಿ, ಕೊನೆಗೆ ಎದುರುಬದುರಾದ ಕಥೆ ಅದರಲ್ಲಿದೆ.

ಆ ನೀರು ಹೋಗಿ ಸೇರುವುದು ಸಿಲೋವಾಂ ಕೊಳಕ್ಕೆ. ಪರ್ಣಕುಟೀರಗಳ ಹಬ್ಬದಲ್ಲಿ ಯಾಜಕರು ಆ ಕೊಳದ ನೀರನ್ನು ತಂದು ಬಲಿಪೀಠದ ಬಳಿ ಸುರಿದು ಮುಂಬರುವ ಮಳೆಗಾಗಿ ಬೇಡುತ್ತಿದ್ದರು. ಅದೇ ಹಬ್ಬದ ಕೊನೆಯ ದಿನ ಯೇಸುಸ್ವಾಮಿ ಎದ್ದು ನಿಂತು, ಬಾಯಾರಿದವರೆಲ್ಲ ತಮ್ಮ ಬಳಿಗೆ ಬರಲಿ ಎಂದು ಕೂಗಿ ಕರೆದರು. ವಿಶ್ವಾಸವಿಡುವವರ ಒಳಗಿನಿಂದ ಜೀವಜಲದ ಹೊಳೆಗಳು ಹರಿಯುವುವೆಂದರು. ಅವರು ಹೀಗೆ ಹೇಳಿದ್ದು ಪವಿತ್ರಾತ್ಮರನ್ನು ಕುರಿತು ಎಂದು ಸಂತ ಯೊವಾನ್ನರು ತಿಳಿಸುತ್ತಾರೆ. ಈ ಹಬ್ಬದ ಹಿಂದಿನ ಸಂಜೆಯ ಪೂಜೆಯಲ್ಲಿ ನಾವು ಕೇಳುವ ಶುಭಸಂದೇಶ ಇದೇ.

ಗಮನಿಸಿ, ಸ್ವಾಮಿ ಮಳೆಯ ವಾಗ್ದಾನ ಕೊಡಲಿಲ್ಲ. ಒಳಗಿನಿಂದ ಹರಿಯುವ ನೀರಿನ ವಾಗ್ದಾನ ಕೊಟ್ಟರು. ಪ್ರೇಷಿತರಿಗೂ ಹೀಗೆಯೇ ಆಯಿತು. ಸ್ವಾಮಿ ಸ್ವರ್ಗಾರೋಹಣವಾದ ಮೇಲೆ ಅವರು ಮೇಲಂತಸ್ತಿನ ಕೋಣೆಯಲ್ಲಿ ಮಾತೆ ಮರಿಯಮ್ಮನವರ ಸಂಗಡ ಪ್ರಾರ್ಥಿಸುತ್ತ ಕಾದರು. ಮುಂದೇನು ಎಂಬುದು ಅವರಿಗೆ ತಿಳಿದಿರಲಿಲ್ಲ. ಆತ್ಮರು ಇಳಿದುಬಂದಾಗ ಹೊರಗಿನ ಅಪಾಯವೇನೂ ಕಡಿಮೆಯಾಗಲಿಲ್ಲ. ಅವರೊಳಗಿನ ಭಯ ಹೋಯಿತು, ಮುಚ್ಚಿದ ಬಾಗಿಲು ತೆರೆಯಿತು.

ನಮ್ಮ ನೆಲದ ಕಾಣದ ತೊರೆಗಳು

ಬೀದರ ಜಿಲ್ಲೆ ಮಳೆಯ ಅನಿಶ್ಚಯವನ್ನು ಮಾತ್ರ ಕಂಡದ್ದಲ್ಲ. 1948ರಲ್ಲಿ ರಜಾಕಾರರ ಹಾವಳಿಯಲ್ಲಿ ಗೋರಟಾ ಗ್ರಾಮದಲ್ಲಿ ರಕ್ತ ಹರಿಯಿತು. ಅದೇ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಈ ಜಿಲ್ಲೆಯ ಎಷ್ಟೋ ಮುಸಲ್ಮಾನ ಮನೆಗಳೂ ಅಳಿದವು. ಎರಡೂ ಕಡೆ ತಾಯಂದಿರು ಅತ್ತರು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು.

ಆ ಕಾಲದಲ್ಲಿಯೂ ನೆಲದಡಿಯ ನೀರು ಹರಿಯುತ್ತಿತ್ತು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890-1999) ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರು ಹುಟ್ಟಿದ ಕಮಲನಗರ ಆಗ ಔರಾದ ಸೀಮೆಯ ಊರು. ಇಂದು ನಾವು ಪೂಜೆಯನ್ನು ಕನ್ನಡದಲ್ಲಿ ಅರ್ಪಿಸುವಾಗ, ನಮ್ಮ ಮಕ್ಕಳು ಕನ್ನಡದಲ್ಲಿ ವಾಚನ ಓದುವಾಗ, ಆ ಹಿರಿಯರ ಋಣ ನಮ್ಮ ಮೇಲಿದೆ. ನಾನಕ ಝೀರಾ ಗುರುದ್ವಾರದಲ್ಲಿ ಯಾವ ಜಾತಿ ಎಂದು ಕೇಳದೆ ಎಲ್ಲರಿಗೂ ಊಟ ಬಡಿಸುತ್ತಾರೆ. ನಮಗಿಂತ ಮೊದಲೇ ಇಲ್ಲಿಗೆ ಬಂದ ಮೆಥೊಡಿಸ್ಟ್ ಸಭೆಯ ಸಹೋದರರು ಬಡವರ ಮಕ್ಕಳಿಗೆ ಅಕ್ಷರ ಕಲಿಸಿದರು, ರೋಗಿಗಳನ್ನು ನೋಡಿಕೊಂಡರು. ದೇವರ ಆತ್ಮರು ತಮಗೆ ಇಷ್ಟ ಬಂದಲ್ಲಿ ಬೀಸುತ್ತಾರೆ ಎಂಬುದನ್ನು ನಾವು ಮರೆಯಬಾರದು.

ನಮ್ಮ ಕಥೋಲಿಕ ಸಮುದಾಯ ಚಿಕ್ಕದು. ಬಹುಕಾಲ ಹೈದರಾಬಾದು ಮಹಾಧರ್ಮಕ್ಷೇತ್ರದ ಅಂಚಿನಲ್ಲಿದ್ದೆವು. ಮಂಗಳೂರು ಕಡೆಯ ಗುರುಗಳು, ಧಾರ್ಮಿಕ ಭಗಿನಿಯರು ಬಂದು ಇಲ್ಲಿಯ ಬಿಸಿಲಲ್ಲಿ ಬೆಂದು ದುಡಿದರು. 2005ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾಗಿ ರಾಬರ್ಟ್ ಮಿರಾಂದರು ಮೊದಲ ಧರ್ಮಾಧ್ಯಕ್ಷರಾದರು. ನಮ್ಮ ಪ್ರಧಾನಾಲಯ ದೈವ ವರಪ್ರಸಾದದ ಮಾತೆಗೆ ಅರ್ಪಿತವಾಗಿದೆ. ಆರ್ಬಿಟ್ ಸಂಸ್ಥೆಯ ಮೂಲಕ ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳು ಬೆಳೆದವು. ವಾರಕ್ಕೊಮ್ಮೆ ಕೂಡಿ, ಹತ್ತಿಪ್ಪತ್ತು ರೂಪಾಯಿ ಇಟ್ಟು, ಒಬ್ಬಳ ಕಷ್ಟಕ್ಕೆ ಹತ್ತು ಜನ ಆಗುವುದು ಸಣ್ಣ ಕೆಲಸವಲ್ಲ. ಅದೂ ವರಪ್ರಸಾದವೇ.

ಹೂಳೆತ್ತುವ ಕೆಲಸ

ಹಾಗಾದರೆ ನಾವೇನು ಮಾಡಬೇಕು? ವರಪ್ರಸಾದವೆಂದರೆ ದೊಡ್ಡ ಧ್ಯಾನಕೂಟದಲ್ಲಿ ಆಗುವ ಅದ್ಭುತ ಎಂದು ಮಾತ್ರ ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಧ್ಯಾನಕೂಟ ಒಳ್ಳೆಯದೇ. ಆದರೆ ಕರೇಜ್ ವರ್ಷಕ್ಕೊಂದು ದಿನ ಹರಿಯುವ ನೀರಲ್ಲ. ಜ್ಞಾನಸ್ನಾನದಲ್ಲಿ ಪಡೆದ ಆತ್ಮರು ನಮ್ಮೊಳಗೆ ದಿನವೂ ಇದ್ದಾರೆ. ಹೂಳು ನಮ್ಮದು. ಅಣ್ಣತಮ್ಮಂದಿರ ನಡುವಿನ ಹೊಲದ ವ್ಯಾಜ್ಯ, ಕುಡಿತ, ಸೊಸೆಯ ಮೇಲಿನ ಸಿಟ್ಟು, ಬಿಟ್ಟುಹೋದ ಪಾಪನಿವೇದನೆ, ಇವೇ ಆ ಹೂಳು. ಒಂದು ಪಾಪನಿವೇದನೆ, ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ಕೂಡಿ ಹೇಳುವ ಜಪಸರದ ಒಂದು ಹತ್ತು, ಭಾನುವಾರದ ಪೂಜೆ, ಇವು ಸುರಂಗದ ಮೇಲಿನ ಬಾವಿಗಳಿದ್ದಂತೆ. ಬಾಯಿ ಮುಚ್ಚಿದರೆ ಒಳಗೆ ಗಾಳಿ ಆಡುವುದಿಲ್ಲ.

ಎರಡನೆಯದಾಗಿ, ಒಬ್ಬರ ದನಿ ಒಬ್ಬರು ಕೇಳಬೇಕು. ಬೆಳೆ ಹೋಗಿ, ಸಾಲ ಏರಿ, ಜೀವವೇ ಬೇಡ ಎನಿಸಿದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. 2016ರಲ್ಲಿ ಬರದ ಬೆನ್ನಿಗೇ ಸೆಪ್ಟೆಂಬರಿನ ಅತಿವೃಷ್ಟಿ ಬಂದು ನಿಂತ ಬೆಳೆ ಕೊಳೆತಾಗ ಎಷ್ಟು ಮನೆಗಳಲ್ಲಿ ಒಲೆ ಉರಿಯಲಿಲ್ಲ! ಅಂಥವರಿಗೆ "ವಿಶ್ವಾಸ ಕಡಿಮೆಯಾಯಿತು, ಅದಕ್ಕೇ ಹೀಗಾಯಿತು" ಎಂದು ಹೇಳುವುದು ಪಾಪ. ಅವರ ಮನೆಗೆ ಹೋಗಿ ಕೂಡಬೇಕು. ನಿಮಗೇ ಅಂಥ ಗಳಿಗೆ ಬಂದರೆ ಬಾಯಿ ಬಿಟ್ಟು ಹೇಳಿರಿ, ಮನೆಯವರಿಗಾಗಲಿ, ಗುರುಗಳಿಗಾಗಲಿ, ಸಿಸ್ಟರಿಗಾಗಲಿ. ಕತ್ತಲಲ್ಲಿ ಆ ಕಡೆಯಿಂದಲೂ ಯಾರೋ ಕಲ್ಲು ಕಡಿಯುತ್ತಿದ್ದಾರೆ ಎಂಬುದನ್ನು ನಂಬಿರಿ.

ಮೂರನೆಯದಾಗಿ, ನೀರು ನಿಂತರೆ ಕೆಡುತ್ತದೆ. ಎಳ್ಳಮಾಸಿಯ ದಿನ ಹೊಲದಲ್ಲಿ ದಾರಿಹೋಕರನ್ನೂ ಕರೆದು ಭಜ್ಜಿ, ರೊಟ್ಟಿ, ಅಂಬಲಿ ಕೊಡುವ ಪದ್ಧತಿ ನಮ್ಮ ಸೀಮೆಯದು. ಆ ಒಂದು ದಿನದ ಮನಸ್ಸು ವರ್ಷವಿಡೀ ಇರಲಿ. ದುಡಿಯಲು ಹೈದರಾಬಾದಿಗೆ, ಪುಣೆಗೆ ಹೋದ ನೆರೆಮನೆಯವರ ಮುದುಕ ತಾಯಿಗೆ ಒಂದು ಕೊಡ ನೀರು ತಂದುಕೊಟ್ಟರೆ ಅದೇ ನಮ್ಮ ಪಂಚಾಶತ್ತಮ.

ಮಳೆ ಬರಲೆಂದು ಬೇಡೋಣ, ತಪ್ಪಿಲ್ಲ. ಬರದಿದ್ದರೂ ದೇವರು ನಮ್ಮ ಕೂಡ ಇದ್ದಾರೆ ಎಂದು ತಿಳಿಯೋಣ. ನಮ್ಮ ಹಿರಿಯರ ಕಾಲ ಕೆಳಗೆ ಹರಿದ ನೀರು ನಮ್ಮ ಕಾಲ ಕೆಳಗೂ ಹರಿಯುತ್ತಿದೆ.

ಪವಿತ್ರಾತ್ಮರೇ, ನಮ್ಮ ಮನೆಗಳ ಹೂಳು ತೆಗೆಯಿರಿ. ಬತ್ತಿದ ಹೃದಯಗಳಲ್ಲಿ ಹರಿಯಿರಿ. ಕಾಯುವ ದಿನಗಳಲ್ಲಿ ನಮ್ಮನ್ನು ಒಂದಾಗಿ ಇರಿಸಿರಿ. ದೈವ ವರಪ್ರಸಾದದ ಮಾತೆಯೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.