ಕ್ರೋಮಿಯಂ ಪೂರಕಗಳ ರೂಪಭೇದ: ಒಂದು ಚಾರಿತ್ರಿಕ ಪರಾಮರ್ಶೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿ ಒಟ್ಟಾಗಿವೆಯಾದರೂ ಅವುಗಳ ಪೂರ್ವವೃತ್ತಾಂತ ಒಂದೇ ಅಲ್ಲ. 1997ರಲ್ಲಿ ಈ ಜಿಲ್ಲೆಯು ರಚಿತವಾಗುವ ತನಕ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯ ಒಂದು ಭಾಗವಾಗಿದ್ದು ಈಚೆಗೆ ಬೇರೆ ತಾಲ್ಲೂಕಾಯಿತು. ಊಟದಲ್ಲಿಯೂ ಭೇದವುಂಟು. ಭದ್ರಾ ನಾಲೆಯ ನೀರು ಹರಿಯುವ ಕಡೆ ಅಕ್ಕಿಯ ಅನ್ನ ಪ್ರಧಾನವಾದರೆ, ಜಗಳೂರಿನ ಬೆದ್ದಲು ಸೀಮೆಯಲ್ಲಿ ರಾಗಿಮುದ್ದೆ ಜೋಳದ ರೊಟ್ಟಿಗಳ ಬಳಕೆ ಹೆಚ್ಚು. ಆದರೆ ಮಧುಮೇಹವು ಈ ಭೇದಗಳನ್ನು ಎಣಿಸುವುದಿಲ್ಲ. ಈ ಸೀಮೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರು ಸೇವಿಸುವ ಗುಳಿಗೆಗಳ ಡಬ್ಬಿಗಳನ್ನು ತಂದು ತೋರಿಸಿ, ಒಂದರ ಮೇಲೆ ಕ್ರೋಮಿಯಂ ಪಿಕೊಲಿನೇಟ್ ಎಂದೂ ಮತ್ತೊಂದರ ಮೇಲೆ ಕ್ರೋಮಿಯಂ ಕ್ಲೋರೈಡ್ ಎಂದೂ ಇನ್ನೊಂದರ ಮೇಲೆ ಪಾಲಿನಿಕೊಟಿನೇಟ್ ಎಂದೂ ಬರೆದಿರುವುದನ್ನು ಓದಿ, ಇವುಗಳಲ್ಲಿ ಯಾವುದು ಉತ್ತಮವೆಂದು ಕೇಳಿದ್ದುಂಟು. ಪ್ರಶ್ನೆ ರಸಾಯನಶಾಸ್ತ್ರಕ್ಕೆ ಸೇರಿದ್ದೆಂದು ತೋರಿದರೂ ಅದರ ಉತ್ತರವು ಚರಿತ್ರೆಯಲ್ಲಿದೆ. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ರೋಮಿಯಂ ಧಾತುವನ್ನು 1797–98ರಲ್ಲಿ ಫ್ರಾನ್ಸಿನ ವೋಕ್ಲಾನ್ ಎಂಬ ರಸಾಯನಶಾಸ್ತ್ರಜ್ಞನು ಸೈಬೀರಿಯದಿಂದ ಬಂದ ಕೆಂಪು ಸೀಸದ ಅದಿರಿನಿಂದ ಬೇರ್ಪಡಿಸಿದನು. ಅದರ ಲವಣಗಳು ನಾನಾ ಬಣ್ಣದವಾದ ಕಾರಣ, ಬಣ್ಣವೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಹೆಸರಾಯಿತು. ನಮ್ಮ ನಾಡಿಗೂ ಇದು ಅಪರಿಚಿತವಲ್ಲ. ಹಾಸನ ಜಿಲ್ಲೆಯ ಬೈರಾಪುರದಲ್ಲಿಯೂ ಮೈಸೂರಿನ ಸಮೀಪದ ಸಿಂಧುವಳ್ಳಿಯಲ್ಲಿಯೂ ಅದರ ಅದಿರನ್ನು ಅಗೆದು ತೆಗೆಯಲಾಗಿದೆ. ಆದರೆ ನೆಲದಲ್ಲಿ ಅದಿರಿದ್ದ ಮಾತ್ರಕ್ಕೆ ಬೆಳೆಯಲ್ಲಿ ಅದು ಸಮೃದ್ಧವಾಗಿರುವುದೆಂದು ತಿಳಿಯಬಾರದು. ಕ್ರೋಮೈಟು ನೀರಿನಲ್ಲಿ ಕರಗದ ಖನಿಜ. ಸಸ್ಯವು ಹೀರಿದ ಅಲ್ಪಾಂಶವೂ ಬಹುಮಟ್ಟಿಗೆ ಬೇರಿನಲ್ಲಿಯೇ ನಿಲ್ಲುತ್ತದೆ.

ಈ ಧಾತುವಿನ ರೂಪಗಳೊಳಗೆ ಅತ್ಯಂತ ಮುಖ್ಯವಾದ ಭೇದವೊಂದನ್ನು ಮೊದಲೇ ಹೇಳಬೇಕು. ಚರ್ಮ ಹದಮಾಡುವಲ್ಲಿಯೂ ಆಹಾರಪೂರಕಗಳಲ್ಲಿಯೂ ಬಳಸುವುದು ಮೂರು ವೇಲೆನ್ಸಿಯ ಕ್ರೋಮಿಯಂ. ಲೋಹಕ್ಕೆ ಹೊಳಪಿನ ಲೇಪ ಕೊಡುವ ಕಾರ್ಖಾನೆಗಳಲ್ಲಿ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ವಿಷಕಾರಿಯಾದದ್ದು. ಅದರ ಧೂಳನ್ನು ಉಸಿರಾಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬರುವುದು ಸಿದ್ಧವಾಗಿದೆ. ಅಂಗಡಿಯಲ್ಲಿ ಮಾರುವ ಗುಳಿಗೆಗಳ ನಡುವಣ ಭೇದವು ಇದರ ಮುಂದೆ ಅತ್ಯಲ್ಪ. ಅವೆಲ್ಲವೂ ಮೂರು ವೇಲೆನ್ಸಿಯವೇ. ಜೊತೆಗೂಡಿದ ಆಮ್ಲ ಮಾತ್ರ ಬೇರೆ.

ಕ್ರೋಮಿಯಂ ಶರೀರಕ್ಕೆ ಬೇಕೆಂಬ ಅಭಿಪ್ರಾಯವು ಹುಟ್ಟಿದ್ದು ಅಮೆರಿಕದಲ್ಲಿ. ಕ್ಲಾಸ್ ಶ್ವಾರ್ಟ್ಸ್ ಮತ್ತು ವಾಲ್ಟರ್ ಮೆರ್ಟ್ಸ್ ಎಂಬ ವಿಜ್ಞಾನಿಗಳು ಟೊರುಲಾ ಯೀಸ್ಟನ್ನು ಮುಖ್ಯ ಆಹಾರವನ್ನಾಗಿ ಕೊಟ್ಟು ಸಾಕಿದ ಇಲಿಗಳ ರಕ್ತದಿಂದ ಸಕ್ಕರೆಯು ನಿಧಾನವಾಗಿ ಇಳಿಯುವುದನ್ನು ಕಂಡರು. ಬೀರು ತಯಾರಿಸುವ ಯೀಸ್ಟನ್ನು ಕೊಟ್ಟಾಗ ಆ ದೋಷವು ಪರಿಹಾರವಾಯಿತು. 1957ರಲ್ಲಿ ಅವರು ಆ ಯೀಸ್ಟಿನಲ್ಲಿರುವ ಅಜ್ಞಾತ ವಸ್ತುವಿಗೆ ಗ್ಲೂಕೋಸ್ ಸಹಿಷ್ಣುತೆಯ ಅಂಶವೆಂದು ಹೆಸರಿಟ್ಟರು. 1959ರಲ್ಲಿ ಅದರ ಸತ್ತ್ವವು ಕ್ರೋಮಿಯಮ್ಮೇ ಎಂದು ಪ್ರಕಟಿಸಿದರು. 1977ರಲ್ಲಿ ಇದಕ್ಕೆ ಬಲವಾದ ಬೆಂಬಲ ದೊರೆಯಿತು. ಕೆನಡದ ಟೊರಾಂಟೊದಲ್ಲಿ ಮೂರು ವರ್ಷಗಳಿಗೂ ಮೀರಿ ರಕ್ತನಾಳದ ಮೂಲಕವೇ ಆಹಾರ ಪಡೆಯುತ್ತಿದ್ದ ಒಬ್ಬ ಮಹಿಳೆಯ ದೇಹ ಕೃಶವಾಗಿ, ನರಗಳು ದುರ್ಬಲವಾಗಿ, ರಕ್ತದ ಸಕ್ಕರೆ ಏರಿತು. ದಿನಕ್ಕೆ 250 ಮೈಕ್ರೋಗ್ರಾಂ ಕ್ರೋಮಿಯಮ್ಮನ್ನು ಎರಡು ವಾರ ಆ ದ್ರವದಲ್ಲಿ ಸೇರಿಸಿದ ಮೇಲೆ ಆಕೆ ಚೇತರಿಸಿಕೊಂಡಳು.

ರೂಪಗಳ ಪೈಪೋಟಿಯು ಇಲ್ಲಿಂದ ಆರಂಭವಾಗುತ್ತದೆ. ಕ್ಲೋರೈಡು ಅಗ್ಗವಾದ ಸರಳ ಲವಣ. ಆದರೆ ಕರುಳು ಅದನ್ನು ಬಹಳ ಕಡಮೆ ಹೀರುತ್ತದೆ. ಯೀಸ್ಟಿನ ಅಂಶದಲ್ಲಿ ಕ್ರೋಮಿಯಂ ನಿಕೊಟಿನಿಕ್ ಆಮ್ಲದೊಡನೆ ಕೂಡಿದೆಯೆಂದು ಮೆರ್ಟ್ಸ್ ಮತ್ತು ಅವರ ಸಹೋದ್ಯೋಗಿಗಳು ಊಹಿಸಿದರು. ಅದನ್ನು ಅನುಸರಿಸಿ ಪಾಲಿನಿಕೊಟಿನೇಟ್ ಮಾರುಕಟ್ಟೆಗೆ ಬಂದಿತು. ಗ್ಯಾರಿ ಎವಾನ್ಸ್ ಎಂಬುವರು ಶರೀರದಲ್ಲಿ ಟ್ರಿಪ್ಟೊಫೇನ್‌ನಿಂದ ಹುಟ್ಟುವ ಪಿಕೊಲಿನಿಕ್ ಆಮ್ಲವನ್ನು ಆರಿಸಿಕೊಂಡು, ಪಿಕೊಲಿನೇಟ್ ಸೇವಿಸಿದವರಲ್ಲಿ ಮಾಂಸಖಂಡ ಬೆಳೆಯಿತೆಂದು 1989ರಲ್ಲಿ ವರದಿಮಾಡಿದರು. ಅನಂತರ ಕೊಬ್ಬು ಕರಗುವುದೆಂಬ ಜಾಹೀರಾತುಗಳು ಹರಡಿದವು. ಅಂಥ ಮಾತುಗಳಿಗೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ವಾಣಿಜ್ಯ ಆಯೋಗವು 1996–97ರಲ್ಲಿ ಅವುಗಳನ್ನು ತಡೆಯಿತು.

ಈಗ ಈ ರೂಪಗಳನ್ನು ತೂಗಿ ನೋಡೋಣ. ಬಾಯಿಯ ಮೂಲಕ ಸೇವಿಸಿದ ಮೂರು ವೇಲೆನ್ಸಿಯ ಕ್ರೋಮಿಯಮ್ಮಿನಲ್ಲಿ ನೂರಕ್ಕೆ ಸುಮಾರು 0.4ರಿಂದ 2.5 ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಉಳಿದದ್ದು ಮಲದಲ್ಲಿ ಹೊರಹೋಗುತ್ತದೆ. ಅಂದರೆ 200 ಮೈಕ್ರೋಗ್ರಾಂ ಸೇವಿಸಿದರೆ ಒಳಸೇರುವುದು 1ರಿಂದ 5 ಮೈಕ್ರೋಗ್ರಾಮಿನಷ್ಟು. ಈ ಮಿತಿಯೊಳಗೆ ಪಿಕೊಲಿನೇಟು ಕ್ಲೋರೈಡಿಗಿಂತ ಸ್ವಲ್ಪ ಮೇಲು. ಆದರೆ ರಕ್ತಕ್ಕೆ ಸೇರುವುದು ಬೇರೆ, ರೋಗಕ್ಕೆ ಉಪಕರಿಸುವುದು ಬೇರೆ. ಡಬ್ಬಿಯ ಮೇಲಿನ ಅಂಕಿಯನ್ನು ಓದುವಲ್ಲಿಯೂ ಎಚ್ಚರ ಬೇಕು. ಪಿಕೊಲಿನೇಟ್ ಲವಣದ ತೂಕದಲ್ಲಿ ಕ್ರೋಮಿಯಂ ನೂರಕ್ಕೆ ಸುಮಾರು 12 ಪಾಲು ಮಾತ್ರ. ಆರು ನೀರಿನ ಅಣುಗಳುಳ್ಳ ಕ್ಲೋರೈಡಿನಲ್ಲಿ ಸುಮಾರು 19 ಪಾಲು. 200 ಮೈಕ್ರೋಗ್ರಾಂ ಎಂಬುದು ಲವಣದ ತೂಕವಾದರೆ ಪಿಕೊಲಿನೇಟಿನಿಂದ ದೊರೆಯುವ ಕ್ರೋಮಿಯಂ 25 ಮೈಕ್ರೋಗ್ರಾಂ. ಧಾತುವಿನ ತೂಕವಾದರೆ ಪೂರ್ಣ 200. ಇದನ್ನು ಗಮನಿಸದೆ ಎರಡು ಡಬ್ಬಿಗಳನ್ನು ಹೋಲಿಸುವುದು, ಎರಡು ಶಕೆಗಳ ವರ್ಷಗಳನ್ನು ಒಂದೇ ಶಕೆಯೆಂದು ತಿಳಿದು ಕಳೆಯುವಂತೆ.

ಹಾನಿಯ ದೃಷ್ಟಿಯಿಂದಲೂ ಹೋಲಿಕೆ ನಡೆದಿದೆ. 1995ರಲ್ಲಿ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಜೀವಕೋಶಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಪಿಕೊಲಿನೇಟು ವರ್ಣತಂತುಗಳನ್ನು ಮುರಿಯಿತು. ಕ್ಲೋರೈಡು, ನಿಕೊಟಿನೇಟುಗಳು ಮುರಿಯಲಿಲ್ಲ. ಆದರೆ ಅಮೆರಿಕದ ಸರ್ಕಾರಿ ವಿಷಪರೀಕ್ಷಾ ಸಂಸ್ಥೆಯು ಇಲಿಗಳಿಗೂ ಹೆಗ್ಗಣಗಳಿಗೂ ಎರಡು ವರ್ಷ ಪಿಕೊಲಿನೇಟನ್ನು ತಿನ್ನಿಸಿ 2010ರಲ್ಲಿ ಹೊರತಂದ ವರದಿಯಲ್ಲಿ, ಗಂಡು ಹೆಗ್ಗಣಗಳಲ್ಲಿ ದೊರೆತ ಒಂದು ಸಂದಿಗ್ಧ ಸೂಚನೆಯ ಹೊರತು ಕ್ಯಾನ್ಸರಿನ ಪ್ರಮಾಣ ಕಂಡುಬರಲಿಲ್ಲ. ಅತಿಯಾದ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಮೂತ್ರಪಿಂಡ ಕೆಟ್ಟ ವಿರಳ ಪ್ರಕರಣಗಳು ವರದಿಯಾಗಿವೆ.

ಹಾಗಾದರೆ ಉಪಯೋಗವೇನು? 1997ರಲ್ಲಿ ಚೀನದ 180 ಮಂದಿ ಮಧುಮೇಹಿಗಳಲ್ಲಿ ನಡೆದ ಪ್ರಯೋಗದಲ್ಲಿ ಪಿಕೊಲಿನೇಟಿನಿಂದ ಗಮನಾರ್ಹವಾದ ಗುಣ ಕಂಡಿತು. 2002ರಲ್ಲಿ ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದವರು, ಮಧುಮೇಹವಿಲ್ಲದವರಿಗೆ ಯಾವ ಪರಿಣಾಮವೂ ಇಲ್ಲವೆಂದೂ ಮಧುಮೇಹಿಗಳ ವಿಷಯದಲ್ಲಿ ನಿರ್ಣಯ ಸಾಧ್ಯವಿಲ್ಲವೆಂದೂ ಬರೆದರು. 2007ರಲ್ಲಿ 41 ಪ್ರಯೋಗಗಳನ್ನು ಪರಿಶೀಲಿಸಿದವರು ಮಧುಮೇಹಿಗಳಲ್ಲಿ ಅಲ್ಪಸ್ವಲ್ಪ ಗುಣವನ್ನು ಕಂಡರಾದರೂ, ಅನೇಕ ಪ್ರಯೋಗಗಳ ಗುಣಮಟ್ಟ ಕಳಪೆಯೆಂದು ಎಚ್ಚರಿಸಿದರು. ಬೇರೆ ಬೇರೆ ರೂಪಗಳನ್ನು ಎದುರೆದುರು ಇಟ್ಟು ರೋಗಿಗಳಲ್ಲಿ ಪರೀಕ್ಷಿಸಿದ ಪ್ರಯೋಗಗಳು ತೀರ ಕಡಮೆ. ಆದ್ದರಿಂದ ಯಾವ ರೂಪವನ್ನೂ ಶ್ರೇಷ್ಠವೆಂದು ಸಾರಲು ಆಧಾರವಿಲ್ಲ.

ಇದಕ್ಕಿಂತ ಗಹನವಾದ ವಿಷಯ ಇನ್ನೊಂದುಂಟು. ಚರಿತ್ರೆಯ ವಿದ್ಯಾರ್ಥಿಗಳು ಅದನ್ನು ವಿಶೇಷವಾಗಿ ಗಮನಿಸಬೇಕು. ಕ್ರೋಮಿಯಂ ಉಕ್ಕಿನ ಪಾತ್ರೆಯಲ್ಲಿದೆ, ರಕ್ತ ತೆಗೆಯುವ ಸೂಜಿಯಲ್ಲಿದೆ, ಪ್ರಯೋಗಶಾಲೆಯ ಧೂಳಿನಲ್ಲಿಯೂ ಇದೆ. ಈ ಕಾರಣದಿಂದ 1980ಕ್ಕೆ ಮುಂಚಿನ ಅಳತೆಗಳಲ್ಲಿ ಆಹಾರದ ಮತ್ತು ರಕ್ತದ ಕ್ರೋಮಿಯಂ ನಿಜವಾದುದಕ್ಕಿಂತ ಅನೇಕ ಪಟ್ಟು ಹೆಚ್ಚಾಗಿ ದಾಖಲಾಗಿತ್ತು. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನ ಪ್ರಕ್ಷಿಪ್ತಗಳು ಕವಿಯ ಮಾತಿನೊಡನೆ ಬೆರೆತಂತೆ, ಇಲ್ಲಿ ಉಪಕರಣದ ಲೋಹವು ರಕ್ತದ ಲೋಹದೊಡನೆ ಬೆರೆಯಿತು. ಶ್ವಾರ್ಟ್ಸ್ ಮತ್ತು ಮೆರ್ಟ್ಸ್ ಅವರ ಇಲಿಗಳ ಆಹಾರದಲ್ಲಿ ನಿಜವಾಗಿ ಎಷ್ಟು ಕ್ರೋಮಿಯಂ ಇತ್ತೆಂಬುದು ಗೊತ್ತಿರಲಿಲ್ಲ, ಗೂಡುಗಳೂ ಲೋಹದವು. ಯೀಸ್ಟಿನ ಆ ಅಂಶವನ್ನು ಶುದ್ಧರೂಪದಲ್ಲಿ ಪಡೆಯುವ ಯತ್ನಗಳು ಫಲಿಸಲಿಲ್ಲ. 2011ರಲ್ಲಿ ಅಮೆರಿಕದ ಅಲಬಾಮದ ಸಂಶೋಧಕರು ಲೋಹದ ಸ್ಪರ್ಶವಿಲ್ಲದ ಗೂಡುಗಳಲ್ಲಿ, ಕ್ರೋಮಿಯಂ ತೀರ ಕಡಮೆಯಿದ್ದ ಆಹಾರ ಕೊಟ್ಟು ಆರು ತಿಂಗಳು ಸಾಕಿದ ಇಲಿಗಳು ಕುಂದಿಲ್ಲದೆ ಬೆಳೆದವು. 2001ರಲ್ಲಿ ಅಮೆರಿಕದ ಪಂಡಿತರು ವಯಸ್ಕ ಪುರುಷರಿಗೆ 35, ಸ್ತ್ರೀಯರಿಗೆ 25 ಮೈಕ್ರೋಗ್ರಾಂ ಸಾಕೆಂದು ಗೊತ್ತುಮಾಡಿದ್ದರೆ, 2014ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಕ್ರೋಮಿಯಂ ಅವಶ್ಯವೆಂಬುದಕ್ಕೇ ಮನಗಾಣಿಸುವ ಪ್ರಮಾಣವಿಲ್ಲವೆಂದು ಹೇಳಿ ಪ್ರಮಾಣ ನಿಗದಿಯನ್ನೇ ಕೈಬಿಟ್ಟಿತು. ಟೊರಾಂಟೊದ ಪ್ರಕರಣವು ಸುಳ್ಳಾಗಲಿಲ್ಲ. ಆದರೆ ರಕ್ತನಾಳದಲ್ಲಿ ಆಹಾರ ಪಡೆದ ಒಬ್ಬ ರೋಗಿಯ ಅನುಭವವನ್ನು ರೊಟ್ಟಿ, ಮುದ್ದೆ, ಕಾಳು, ಸೊಪ್ಪುಗಳನ್ನು ಉಣ್ಣುವವರೆಲ್ಲರಿಗೂ ಅನ್ವಯಿಸಲಾಗದು.

ವಿದ್ವಾಂಸರು ನಾಲ್ಕು ದಶಕಗಳ ಕಾಲ ಪಾಠಾಂತರಗಳನ್ನು ಹೋಲಿಸುತ್ತ ಹೋದರು. ಮೂಲಪ್ರತಿಯು ಶುದ್ಧವೇ ಎಂಬ ಪ್ರಶ್ನೆ ತಡವಾಗಿ ಬಂದಿತು. ಅವರು ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ. ತಮ್ಮ ಕಾಲದ ಸಾಧನಗಳು ತೋರಿಸಿದ್ದನ್ನು ಅವರು ಬರೆದರು; ಉತ್ತಮ ಸಾಧನಗಳು ಬಂದಾಗ ಶಾಸ್ತ್ರವೇ ಅದನ್ನು ತಿದ್ದಿಕೊಂಡಿತು. ತಿದ್ದಿಕೊಳ್ಳದೆ ಉಳಿದದ್ದು ಡಬ್ಬಿಯ ಮೇಲಿನ ಮಾತು ಮಾತ್ರ.

ಜಗಳೂರಿನ ಹಳ್ಳಿಯಲ್ಲಿಯೋ ನ್ಯಾಮತಿಯ ಪೇಟೆಯಲ್ಲಿಯೋ ಇರುವ ಮಧುಮೇಹಿಗೆ ಈ ಚರಿತ್ರೆಯಿಂದ ತಿಳಿಯತಕ್ಕದ್ದು ಇಷ್ಟು. ಒಂದು ರೂಪವನ್ನು ಬಿಟ್ಟು ಮತ್ತೊಂದಕ್ಕೆ ಹೆಚ್ಚಿನ ಬೆಲೆ ತೆರುವುದರಿಂದ ಲಾಭವು ಸಿದ್ಧವಾಗಿಲ್ಲ. ಕ್ರೋಮಿಯಮ್ಮನ್ನು ನಂಬಿ ವೈದ್ಯರು ಕೊಟ್ಟ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ನನ್ನು ಬಿಡುವುದು ಅಪಾಯಕರ. ಅವುಗಳೊಡನೆ ಹೇಳದೆ ಸೇರಿಸುವುದೂ ಸಲ್ಲದು, ಸಕ್ಕರೆಯು ಮಿತಿಮೀರಿ ಇಳಿಯಬಹುದು. ಯಾವುದು ಉತ್ತಮವೆಂದು ಕೇಳಿದ ವಿದ್ಯಾರ್ಥಿಗಳಿಗೆ, ಇದು ಬೇಕೇ ಎಂಬುದನ್ನು ಮೊದಲು ಕೇಳಿರೆಂದು ಹೇಳಿಕೊಟ್ಟರೆ ಅಧ್ಯಾಪಕರ ಕರ್ತವ್ಯ ನೆರವೇರಿದಂತಾಗುತ್ತದೆ. ಶಾಸನವನ್ನು ಓದುವಾಗಲೂ ಔಷಧದ ಡಬ್ಬಿಯನ್ನು ಓದುವಾಗಲೂ ಅನ್ವಯಿಸುವ ನಿಯಮ ಇದೊಂದೇ.