ಮರ ಹತ್ತಿದ ಆಕ್ಟೋಪಸ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನನ್ನದೊಂದು ತಪ್ಪೊಪ್ಪಿಗೆ, ಜೊತೆಗೆ ಅದರ ಹಿಂದಿನ ಇತಿಹಾಸ.

ನಾನು ಇಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಾಗ ಕಂಪ್ಯೂಟರ್ ಕೊಠಡಿ ಹೊಸತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಳೆಕಾಡಿನಲ್ಲಿ, ಮರದ ಮೇಲೆ ಬಾಳುವ ಆಕ್ಟೋಪಸ್ ಅಳಿವಿನಂಚಿನಲ್ಲಿದೆ ಎಂದು ಅಂತರ್ಜಾಲದಲ್ಲಿ ಓದಿ, ಒಂಬತ್ತನೆಯ ತರಗತಿಗೆ ಹೇಳಿಬಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಅದಕ್ಕಿರೋದು ಕಿವಿರು ಅಲ್ವಾ? ಮರದ ಮೇಲೆ ಉಸಿರಾಡೋದು ಹೆಂಗೆ?" ಎಂದ. "ಕೂತ್ಕೊಳ್ಳೋ" ಎಂದು ಗದರಿದೆ.

ನಿಜ ತಿಳಿದದ್ದು ಆಮೇಲೆ. 1998ರಲ್ಲಿ ಲೈಲ್ ಜಪಾಟೊ ಎಂಬ ಹೆಸರಿನಲ್ಲಿ ಯಾರೋ ತಮಾಷೆಗೆ ಕಟ್ಟಿದ ಕಥೆ ಅದು. ವೈಜ್ಞಾನಿಕ ಹೆಸರಿತ್ತು, ಚಿತ್ರಗಳಿದ್ದವು; ಅದನ್ನು ಬೇಟೆಯಾಡುವುದು ಮಾತ್ರ ಸಾಸ್ಕ್ವಾಚ್ ಎಂಬ ದಂತಕಥೆಯ ಕಾಡುಮನುಷ್ಯ! ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಲೂ ಅವರ ತಂಡ ಏಳನೆಯ ತರಗತಿಯ 25 ಮಕ್ಕಳಿಗೆ ಇದನ್ನು ಓದಿಸಿದಾಗ ಬಹುತೇಕ ಎಲ್ಲರೂ ನಂಬಿದ್ದರಂತೆ. ಅವರು ಮಕ್ಕಳು, ನಾನು ಮೇಷ್ಟ್ರು. ಈಗ ಹಲವು ಶಾಲೆಗಳಲ್ಲಿ, ಓದಿದ್ದನ್ನು ಒರೆಗೆ ಹಚ್ಚಲು ಕಲಿಸುವ ಪಾಠವೇ ಈ ಆಕ್ಟೋಪಸ್.

ಆ ಹುಡುಗ ಅಂದಿನಿಂದ ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ. ಈ ಸಂಚಿಕೆ ಅವನ ಕೈಸೇರಿದರೆ ಒಂದೇ ಮಾತು: ಮಗೂ, ಅಂದು ಕೂರಬೇಕಾದವನು ನಾನು.